ಬಸಣ್ಣನ ಸೊಟ್ಟ ಮೂಗು

ಗೆಳೆಯರೇ, ನನ್ನ ಕೈ ಪಳಗಿದ್ದಕ್ಕೆ ಇವತ್ತು ನನಗೇ ಸಿಟ್ಟು ಬಂತು.

ನನ್ನ ಆನ್‌ಲೈನ್ ಕಾಮಿಕ್‌ನ ಮಿರ್ಚಿ ಅಂಗಡಿ ಬಸಣ್ಣ ನಿಮಗೆಲ್ಲ ಗೊತ್ತು. ಕೊಟ್ಟೂರಿನ ಆ ನಿಜವಾದ ಬಸಣ್ಣ ನಿನ್ನೆ ತೀರಿಕೊಂಡರು. ಬೆಳಿಗ್ಗೆ ಅವರ ಮಗಳು ಗೌರಿ ಫೋನ್ ಮಾಡಿದಳು.

“ಅಣ್ಣಾ, ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೋ ಬ್ಯಾಡ. ಅದರಾಗ ಅಪ್ಪ ಮುಖ ಬಿಗದು ಕುಂತಾನ. ನೀನು ಮೊದ್ಲು ಬರೀತಿದ್ದ್ಯಲ್ಲ, ಸೊಟ್ಟ ಮೂಗಿಂದು, ಅದನ್ನ ಹಾಕ್ಸು. ಈಗಿನ ಚಿತ್ರದಾಗ ಸಿನಿಮಾ ಹೀರೋ ಆಗ್ಯಾನ.”

ಫ್ಲೆಕ್ಸ್ ಅಂಗಡಿಯವರು ಹಳೆಯ ಚಿತ್ರ ನೋಡಿ, “ಭಾಳ ಸಣ್ಣದೈತ್ರಿ, ದೊಡ್ಡದು ಮಾಡಿದ್ರ ಒಡೀತೈತಿ. ಹೊಸದು ಬರ್ಕೊಡ್ರಿ” ಎಂದರು. ಅಲ್ಲೇ ಕೂತು ಬರೆದೆ. ಎಷ್ಟು ಸೊಟ್ಟ ಮಾಡಿದರೂ ಮೂಗು ನೀಟಾಗಿಯೇ ಸೊಟ್ಟಗಾಯಿತು. ಕಾಮಿಕ್ ಶುರು ಮಾಡಿದಾಗ ನನಗೆ ನೆಟ್ಟಗೆ ಗೆರೆ ಎಳೆಯಲು ಬರುತ್ತಿರಲಿಲ್ಲ, ಆದರೆ ಬಸಣ್ಣ ಬಂದುಬಿಡುತ್ತಿದ್ದರು.

ಮಧ್ಯಾಹ್ನ ಬಸಣ್ಣನ ಅಂಗಡಿ ಮುಂದೆ ಫ್ಲೆಕ್ಸ್ ಕಟ್ಟಿದೆವು. ದಿನಾ ಅಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ ಹಮಾಲಿ ಸಿದ್ದಪ್ಪ ಬಂದು ನಿಂತು ನೋಡಿದ.

“ಯಾರ್ರೀ ಇವರು, ಯಾವೂರವರು?”

ಆಮೇಲೆ ಕೆಳಗಿದ್ದ ಹೆಸರು ಓದಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಹೆಸರು ಹಾಕಿಸದಿದ್ದರೆ ಬಸಣ್ಣ ಸತ್ತದ್ದು ಊರಿಗೆ ಗೊತ್ತೇ ಆಗುತ್ತಿರಲಿಲ್ಲ.