ಶಿಳ್ಳೆ ಮೇಷ್ಟ್ರು ಕಳಿಸದೇ ಇದ್ದ ಹುಡುಗ

ನಮ್ಮ ಭಾವನಿಗೆ ಊರಿನಲ್ಲಿ ಶಿಳ್ಳೆ ಮೇಷ್ಟ್ರು ಎಂದೇ ಹೆಸರು. ಕತ್ತಿನಲ್ಲಿ ಪೀಪಿ ನೇತಾಡುತ್ತಿದ್ದರೂ ಅವರು ಹುಡುಗರನ್ನು ಓಡಿಸುತ್ತಿದ್ದದ್ದು ಎರಡು ಬೆರಳು ಬಾಯಿಗಿಟ್ಟು ಹೊಡೆಯುವ ಶಿಳ್ಳೆಯಿಂದ. ಮದುವೆಯಾದ ಹೊಸದರಲ್ಲಿ ನನ್ನ ಅಕ್ಕನನ್ನೂ ಹಾಗೇ ಕರೆಯಲು ಹೋಗಿ ಚೆನ್ನಾಗಿ ಉಗಿಸಿಕೊಂಡಿದ್ದರು.

ಅವರು ತರಬೇತಿ ಕೊಡುತ್ತಿದ್ದ ಫುಟ್‌ಬಾಲ್ ತಂಡ ಈಗಿಲ್ಲ. ಇದ್ದಾಗಲೂ ಅದು ತನಗಾಗಿ ಬದುಕಿದ ತಂಡವಲ್ಲ. ರಾಜಧಾನಿಯ ದೊಡ್ಡ ಕ್ಲಬ್ಬೊಂದು, ಮುಳುಗುತ್ತಿದ್ದ ನಮ್ಮೂರ ತಂಡವನ್ನು ಕೊಂಡು ತನ್ನ ಮರಿ ತಂಡ ಮಾಡಿಕೊಂಡಿತ್ತು. ಹುಡುಗರನ್ನು ತಿದ್ದಿ ತೀಡಿ ಮೇಲಕ್ಕೆ ಕಳಿಸುವುದಷ್ಟೇ ಭಾವನ ಕೆಲಸ. ಸಂಬಳ ಅಲ್ಲಿಂದ ಬರುತ್ತಿತ್ತು, ಅಂಗಿಗಳೂ ಅಲ್ಲಿಂದಲೇ, ದೊಡ್ಡವರು ಹಾಕಿ ಬಿಟ್ಟವು. ಅವನ್ನು ತೊಟ್ಟು ಇಳಿದರೆ ನಮ್ಮ ಹುಡುಗರು ಅಪ್ಪನ ಅಂಗಿ ಕದ್ದು ಹಾಕಿಕೊಂಡವರಂತೆ ಕಾಣುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಯ ಅರ್ಧಭಾಗದಲ್ಲಿ ಪಕ್ಕದ ಟೈರ್ ಅಂಗಡಿಯವನ ಸಾಮಾನು. ಉಳಿದರ್ಧದಲ್ಲಿ ಒಂದು ಬೆಂಚು, ಗೋಡೆಗೊಂದು ಫೋನು. ಯಾರಾದರೂ ಚೆನ್ನಾಗಿ ಆಡತೊಡಗಿದರೆ ಆ ಫೋನು ಬಡಿದುಕೊಳ್ಳುತ್ತಿತ್ತು, ಮರುದಿನ ಆ ಹುಡುಗ ಬಸ್ಸು ಹತ್ತುತ್ತಿದ್ದ. ಭಾವ ಉಳಿದವರನ್ನು ಕಟ್ಟಿಕೊಂಡು ಸೋಲುತ್ತಿದ್ದರು. ಅಕ್ಕ ತರಕಾರಿ ಕೊಳ್ಳಲು ಹೋದರೆ ಈ ವಾರ ಎಷ್ಟು ಗೋಲು ತಿಂದರಂತೆ ಎಂದು ಹಲ್ಲುಕಿರಿಯುವವರಿದ್ದರು. ಗೆದ್ದರೂ ಉಪಯೋಗವಿರಲಿಲ್ಲ ಅನ್ನಿ. ತಾಯಿ ತಂಡ ಆಡುವ ವಿಭಾಗಕ್ಕೆ ಮರಿ ತಂಡ ಏರುವಂತಿಲ್ಲ ಎಂಬುದು ನಿಯಮ. ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆಯಾದರೂ ಗೆಲ್ಲಬೇಕೆಂಬ ಆಸೆ ಈ ಮನುಷ್ಯನನ್ನು ಬಿಡಲಿಲ್ಲ.

ಆಸೆಗೆ ತಕ್ಕ ಹುಡುಗನೂ ಸಿಕ್ಕಿದ. ಗಾರೆ ಕೆಲಸದವರೊಬ್ಬರ ಮಗ. ಕಡ್ಡಿಯಂಥ ಕಾಲು, ಎಲ್ಲಿಂದಲೋ ನೆಗೆದು ಚೆಂಡಿಗೆ ತಲೆ ಕೊಡುತ್ತಿದ್ದ. ಅದಕ್ಕೇ ಎಲ್ಲರೂ ಮಿಡತೆ ಎನ್ನುತ್ತಿದ್ದರು. ಭಾವನನ್ನು ಅವನು ಗುರುಗಳೇ ಎಂದೇ ಕರೆಯುತ್ತಿದ್ದದ್ದು. ಅವನ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈ ವರ್ಷ ಮೇಲಿನವರು ಕರೆದರೆ ಸರಿ, ಇಲ್ಲದಿದ್ದರೆ ಬೂಟು ಬಿಚ್ಚಿಟ್ಟು ಕರಣಿ ಹಿಡಿಯಬೇಕು. ಮಿಡತೆ ಇದನ್ನು ಭಾವನ ಹತ್ತಿರ ಬಂದು ಹೇಳಿಕೊಂಡಿದ್ದ. ಭಾವ ಬೆನ್ನು ತಟ್ಟಿ, ನಾನಿದ್ದೀನಲ್ಲ ಎಂದಿದ್ದರು.

ಆ ವರ್ಷ ಅದೇಕೋ ಮೇಲಿನಿಂದ ಫೋನೇ ಬರಲಿಲ್ಲ, ಮರಿ ತಂಡವೂ ಸೋಲಲಿಲ್ಲ. ಕೊನೆಯ ಪಂದ್ಯ ಗೆದ್ದರೆ ಕಪ್ಪು ನಮ್ಮದು ಎನ್ನುವಲ್ಲಿಗೆ ಬಂತು. ಹಿಂದಿನ ದಿನ ಫೋನು ಬಡಿದುಕೊಂಡಿತು. ಮೇಲೆ ಒಬ್ಬನಿಗೆ ಪೆಟ್ಟಾಗಿದೆ, ಮಿಡತೆಯನ್ನು ತಕ್ಷಣ ಕಳಿಸಿ ಎಂದರು. ಕೋಣೆಯಲ್ಲಿದ್ದದ್ದು ಭಾವ ಒಬ್ಬರೇ. ಹುಡುಗನ ಕಾಲು ಉಳುಕಿದೆ, ನಿಲ್ಲಲೂ ಆಗುತ್ತಿಲ್ಲ ಎಂದುಬಿಟ್ಟರು. ಇದೊಂದು ಪಂದ್ಯ ಮುಗಿಯಲಿ, ಆಮೇಲೆ ನಾನೇ ಕೇಳಿಕೊಂಡು ಕಳಿಸಿದರಾಯಿತು ಎಂಬ ಲೆಕ್ಕ.

ಮಿಡತೆಯ ಗೋಲಿನಿಂದಲೇ ಕಪ್ಪು ಬಂತು. ಭಾವ ಮಾರನೇ ವಾರ ಫೋನ್ ಮಾಡಿದರೆ, ಬೇರೆ ಊರಿನ ಯಾವನನ್ನೋ ತೆಗೆದುಕೊಂಡಾಗಿದೆ, ಜಾಗ ಖಾಲಿಯಿಲ್ಲ ಎಂಬ ಉತ್ತರ. ಮಿಡತೆ ಕರಣಿ ಹಿಡಿದ. ಆ ಇಡೀ ವರ್ಷ ಮೇಲಕ್ಕೆ ಒಬ್ಬನನ್ನೂ ಕೊಡದ ತಂಡವನ್ನು ಸಾಕಿ ಏನು ಪ್ರಯೋಜನ ಎಂದು ಕ್ಲಬ್ಬಿನವರು ಮುಚ್ಚಿಬಿಟ್ಟರು. ಮೈದಾನದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಭಾವ ಒಂದು ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದರು.

ಆ ಫೋನಿನ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಆ ಕಪ್ಪಿನಲ್ಲಿ ಬಟ್ಟೆ ಕ್ಲಿಪ್ಪು ಹಾಕಿಡುತ್ತಿದ್ದಳು, ಭಾವ ಚಕಾರವೆತ್ತುತ್ತಿರಲಿಲ್ಲ. ಎಂಥ ದೊಡ್ಡ ಮನಸ್ಸು, ಒಂಚೂರೂ ಜಂಭವಿಲ್ಲ ಎಂದು ನಾನು ಹೆಂಡತಿಯ ಕಡೆಯವರ ಮುಂದೆಲ್ಲ ಕೊಚ್ಚಿಕೊಂಡು ಬಂದೆ. ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಹೋದ ವರ್ಷ ಅಕ್ಕನ ಮನೆಯ ಬಚ್ಚಲಿನ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸಬೇಕಾಯಿತು. ಅಕ್ಕ ಯಾರನ್ನೋ ಕೇಳಿ ಗೊತ್ತುಮಾಡಿದ ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತರೆ, ಅವನೇ ಮಿಡತೆ. ಹೊಟ್ಟೆ ಬಂದಿತ್ತು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ಗುರುಗಳೇ ಎಂದು ಭಾವನ ಎರಡೂ ಕೈ ಹಿಡಿದುಕೊಂಡ. ನನ್ನ ಗುರುತು ಅವನಿಗಿರಲಿಲ್ಲ. ಕೆಲಸಕ್ಕೆ ಹೋದ ಮನೆಯವರನ್ನೆಲ್ಲ ಕರೆಯುವ ಹಾಗೆ ನನ್ನನ್ನು ಯಜಮಾನ್ರೇ ಎಂದು ಕರೆದು, ಒಂದು ಬಕೆಟ್ಟು ನೀರು ಕೇಳಿದ.

ಭಾವ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಿಡತೆ ಮಂಡಿಯೂರಿ ಒಂದೊಂದೇ ಟೈಲು ಕೂರಿಸುತ್ತಾ ಹಳೆಯ ಆಟಗಳನ್ನೆಲ್ಲ ಎತ್ತಿ ಎತ್ತಿ ಹೇಳಿದ. ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದ. ಕಿಟಕಿಯಲ್ಲಿ ಕಪ್ಪು ಕಂಡದ್ದೇ ಕ್ಲಿಪ್ಪುಗಳನ್ನು ಅಕ್ಕನ ಕೈಗೆ ಸುರಿದು, ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಉಜ್ಜಿದ.

"ಅಕ್ಕಾ, ನನ್ನ ಜೀವನದಲ್ಲಿ ಒಳ್ಳೇ ದಿನ ಅಂದ್ರೆ ಇದೊಂದೇ," ಎಂದ. "ಮೇಲಿನವ್ರು ಕರೀಲಿಲ್ಲ, ಅಷ್ಟು ಸರಕು ನನ್ನಲ್ಲಿರಲಿಲ್ಲ ಬಿಡಿ. ಗುರುಗಳೊಬ್ರೇ ನನ್ನ ನಂಬಿದ್ದು."

ಭಾವನ ಮುಖ ಕಪ್ಪಿಟ್ಟಿತು. ಏನಾಯ್ತು ಎಂದು ನಾನು ಕೇಳುವಷ್ಟರಲ್ಲಿ ಅವರೇ ಬಾಯಿಬಿಟ್ಟರು.

"ಕರೆದಿದ್ರು ಕಣೋ. ಆ ಪಂದ್ಯದ ಹಿಂದಿನ ದಿನ. ನಿನ್ನನ್ನೇ ಕೇಳಿದ್ರು. ಕಾಲು ಉಳುಕಿದೆ ಅಂತ ನಾನೇ ಸುಳ್ಳು ಹೇಳ್ದೆ. ನನಗೆ ಆ ಕಪ್ ಬೇಕಿತ್ತು."

ಮಿಡತೆ ಕಪ್ಪು ಉಜ್ಜುತ್ತಿದ್ದ ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಅವನು ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು.

"ನಮ್ಮಪ್ಪ ಆಗ ಇದ್ರು," ಎಂದ. "ನನ್ನ ಮಗನ ಕೈಲಿ ಇಷ್ಟೇ ಆಗೋದು ಅಂತ ತಿಳ್ಕೊಂಡೇ ಹೋದ್ರು."

ತಪ್ಪಾಯಿತು ಎಂದರು ಭಾವ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಎಂದರು. ಅವನು ಕಪ್ಪನ್ನು ಕಿಟಕಿಯಲ್ಲಿಟ್ಟು ಮತ್ತೆ ಮಂಡಿಯೂರಿದ. ಅಕ್ಕ ಕ್ಲಿಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ನನಗೂ ನಾಚಿಕೆಯಿಂದ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಅವನಿಗೆ ನೀರು ತಂದುಕೊಟ್ಟೆ, ಕಸ ಎತ್ತಿಹಾಕಿದೆ. ಭಾವ ಆ ಕುರ್ಚಿ ಬಿಟ್ಟು ಏಳಲಿಲ್ಲ. ಅವನು ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಮೂಲೆಮೂಲೆಯನ್ನೂ ಒರೆಸಿ, ಸಾಮಾನು ಚೀಲಕ್ಕೆ ತುಂಬಿ, ಬಾಗಿಲ ಹತ್ತಿರ ಬಂದು ಭಾವನನ್ನು ನೋಡಿದ.

"ನಾಳೆ ತನಕ ಒಳಗೆ ಕಾಲಿಡಬೇಡಿ, ಯಜಮಾನ್ರೇ," ಎಂದ.

ಆಗಲಪ್ಪ ಎಂದರು ಭಾವ.