ಕಪ್ಪು ಬಟ್ಟೆ ಬಿಚ್ಚಿದ ಶೀಶೆ

ನನ್ನ ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದೇಕೆ? ಇತ್ತು, ಈಗಲೂ ಪೂರ್ತಿ ಆರಿಲ್ಲ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಪಿಎಚ್.ಡಿ.ಗೆ ಹೆಸರು ಹಚ್ಚಿ, ಎರಡು ಹೆರಿಗೆಗಳ ನಡುವೆ ಕೈಬಿಟ್ಟವಳು. ಮೈದುನನ ಕೈಹಿಡಿದು ಮಾಗಳದಿಂದ ಬಂದ ಈ ಹುಡುಗಿ, ಅದೇ ರಸಾಯನಶಾಸ್ತ್ರದಲ್ಲಿ, ದಾವಣಗೆರೆಯ ಲ್ಯಾಬಿನಲ್ಲಿ ಕೂತು ಪಿಎಚ್.ಡಿ. ಮುಗಿಸುವುದರಲ್ಲಿದ್ದಳು. ಬಂದವರ ಮುಂದೆಲ್ಲ ಅತ್ತೆ, "ಸಣ್ಣಾಕಿ ಸೈಂಟಿಸ್ಟ್ ಅದಾಳ" ಅನ್ನುತ್ತಿದ್ದರು. ನನ್ನ ಬಗ್ಗೆ ಕೇಳಿದರೆ, "ದೊಡ್ಡಾಕಿ ಸಾಲಿಗಿ ಹೋಗ್ತಾಳ." ಹದಿನಾಲ್ಕು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದು ಶಾಲೆಗೆ ಹೋದಂತಾಯಿತು! ಹಿತ್ತಲ ಗಿಡ ಮದ್ದಲ್ಲ, ಬಿಡಿ.

ಸಾಲದ್ದಕ್ಕೆ ನಮ್ಮ ಪ್ರಿನ್ಸಿಪಾಲರು, "ನಿಮ್ಮ ವಾರಗಿತ್ತಿನ ಕರಸ್ರಿ ಮೇಡಂ, ಹುಡುಗ್ರಿಗೆ ಏನರ ತೋರಿಸ್ಲಿ" ಅಂದರು. ನನ್ನ ವಿಭಾಗ, ನನ್ನ ವಿದ್ಯಾರ್ಥಿಗಳು, ಕುರ್ಚಿ ಅವಳಿಗೆ. ನಕ್ಕೊಂತ ಹೂಂ ಅಂದೆ.

ಕಾಲೇಜಿಗೆ ಬರಬೇಕಾದ ದಿನ ಬೆಳಿಗ್ಗೆ ಅವಳು ಕಪ್ಪು ಬಟ್ಟೆ ಸುತ್ತಿದ ಶೀಶೆಯೊಂದನ್ನು ಹಿಡಿದು ಅತ್ತೆಗೆ ಬಿಡಿಸಿ ಹೇಳುತ್ತಿದ್ದಳು. "ಇದರಾಗ ನೀಲಿ ನೀರು, ಒಂದು ಪುಡಿ ಅದಾವ್ರಿ ಅತ್ತಿ. ಪುಡಿ ಕಣಗಳು ತಾವ ಒಂದಕ್ಕೊಂದು ಕೂಡಿ ಸಣ್ಣ ಸಣ್ಣ ಗೂಡು ಕಟ್ಟಿಕೊಂತಾವ. ಬಿಸಲು ಬಿದ್ರ ಗೂಡಿನ ಬಾಗಿಲು ತೆಗೀತೈತಿ, ನೀಲಿ ಒಳಗ ಹೋಗಿ ಬಣ್ಣ ಕಳಕೊಂತೈತಿ. ಕತ್ತಲಾದ್ರ ಬಾಗಿಲು ಮುಚ್ಚಿ ಕೆಲಸ ನಿಂತ ಬಿಡ್ತೈತಿ. ಹೋದ ಬಣ್ಣ ಮಾತ್ರ ತಿರುಗಿ ಬರಂಗಿಲ್ಲ." ಬೇಕೆಂದಾಗ ಚಾಲೂ, ಬೇಡವೆಂದಾಗ ಬಂದ್ ಆಗುವ ವೇಗವರ್ಧಕ. ಎಷ್ಟು ಚಂದ ಇತ್ತೆಂದರೆ ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಕೂತು ಮಾಡಿದ ಪುಡಿ, ತಂದಿದ್ದು ಅದೊಂದೇ ಶೀಶೆ. ಮಕ್ಕಳೆದುರು ಬಿಸಿಲಿಗೆ ಹಿಡಿದು, ನಡುವೆ ಮುಚ್ಚಿ, ಮತ್ತೆ ತೆರೆದು ತೋರಿಸಬೇಕಿತ್ತು.

"ನಾಕು ಮಂದಿ ಮುಂದ ನಿಂತಾಕಿ ಅಲ್ರಿ ಅಕ್ಕಾ ನಾನು. ಅಂಜಿಕಿ ಆಗೈತಿ. ನೀವು ಮುಂದಿನ ಸಾಲಿನಾಗ ಕೂಡ್ರಿ" ಎಂದು ಹೇಳಿ ಅವಳು ಸ್ನಾನಕ್ಕೆ ಹೋದಳು.

ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಕಿಟಕಿಯೆದುರೇ ತುಳಸಿಕಟ್ಟೆ. ಅತ್ತೆ ಶೀಶೆ ತಂದು ಅದರ ಮೇಲಿಟ್ಟರು. ಅವರು ಗುಡೇಕೋಟೆ ಕಡೆಯವರು, ಕುರಿಮರಿಗೂ ದೃಷ್ಟಿ ತೆಗೆದೇ ಮೇಯಲು ಬಿಡುವ ಮನೆತನ. "ಮುಚ್ಚಿದ ಸಾಮಾನಿಗಿ ದೃಷ್ಟಿ ತಗದ್ರ ಹೋಗಂಗಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಕಪ್ಪು ಬಟ್ಟೆ ಬಿಚ್ಚಿದರು. ಎಳೆಬಿಸಿಲು ನೇರ ಶೀಶೆಯ ಮೇಲೆ ಬಿತ್ತು.

ಒಂದು ಮಾತು ಸಾಕಿತ್ತು. ಮುಚ್ಚರಿ ಅತ್ತಿ, ಕೆಡ್ತೈತಿ. ಬಾಯಿ ತೆರೆಯಲಿಲ್ಲ ನಾನು.

"ದೊಡ್ಡಾಕೀ, ಒಣಮೆಣಸಿನಕಾಯಿ ಎಲ್ಲಿಟ್ಟೀ?" ಎಂದು ಕೇಳಿದರು.

"ಮ್ಯಾಲಿನ ಡಬ್ಬಿಯಾಗ ಅದಾವ್ರಿ."

ಅಷ್ಟು ಹೇಳಿದೆ. ಅವರು ಮೆಣಸಿನಕಾಯಿ ಹುಡುಕಿ, ಉಪ್ಪು ಹುಡುಕಿ, ಇಳಿತೆಗೆದು, ಮತ್ತೆ ಬಟ್ಟೆ ಸುತ್ತಿ ಇದ್ದಲ್ಲೇ ಇಡುವಷ್ಟರಲ್ಲಿ ನಾನು ಐದು ರೊಟ್ಟಿ ಬೇಯಿಸಿದ್ದೆ.

ಕಾಲೇಜಿನಲ್ಲಿ ಅವಳು ಬಟ್ಟೆ ಬಿಚ್ಚಿದಳು. ಒಳಗೆ ನೀಲಿ ಇರಲೇ ಇಲ್ಲ, ಬರೀ ತಿಳಿನೀರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಹಾಯೆನಿಸಿತು. ಅವಳು ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿ, ಆಮೇಲೆ ಮಕ್ಕಳ ಕಡೆ ತಿರುಗಿ, "ಬಟ್ಟೆ ಕಟ್ಟೋದರಲ್ಲಿ ನನ್ನದೇ ತಪ್ಪಾಗಿದೆ" ಅಂದಳು. ಬೋರ್ಡಿನ ಮೇಲೆ ಗೂಡುಗಳ ಚಿತ್ರ ಬರೆಯತೊಡಗಿದಳು. ನಾನು ನೆಲ ನೋಡುತ್ತ ಕೂತೆ.

ಮನೆಗೆ ಬಂದು ಅವಳು ಸಂಗತಿ ಹೇಳಿದರೆ ಅತ್ತೆ ಎದೆ ಬಡಿದುಕೊಂಡರು. "ಅಯ್ಯ ಶಿವನ! ಬೆಳಿಗ್ಗಿ ಬಟ್ಟಿ ಬಿಚ್ಚಿ, ತುಳಸಿಕಟ್ಟಿ ಮ್ಯಾಲ ಬಿಸಲಾಗಿಟ್ಟು ದೃಷ್ಟಿ ತಗದೀನಿ. ಆದ್ರೂ ಹೋಗಿಲ್ಲಂದ್ರ ಎಂಥಾ ಕಣ್ಣದು!"

ಅವಳು ಅತ್ತೆಯನ್ನು ಬೈಯಲಿಲ್ಲ. ತುಳಸಿಕಟ್ಟೆ ನೋಡಿದಳು, ಅಲ್ಲಿಂದ ಅಡುಗೆಮನೆ ಕಿಟಕಿ ನೋಡಿದಳು. ಬೆಳಿಗ್ಗೆ ಒಲೆಯ ಮುಂದೆ ಯಾರಿದ್ದರೆಂದು ಅವಳಿಗೆ ಗೊತ್ತಿತ್ತು.

"ನನ್ನ ಕೈಲೆ ಆಗಲಿಲ್ಲ, ನೀ ತಗಿ. ಮನಿ ಹಿರಿ ಸೊಸಿ ಅದೀ" ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನನ್ನ ಮುಷ್ಟಿಗೆ ತುರುಕಿದರು. ಅವಳು ಮಣೆಯ ಮೇಲೆ ಕೂತಳು. ನಾನು ಇಳಿತೆಗೆಯುತ್ತ ಎಣಿಸಿದೆ. "ಊರವರ ಕಣ್ಣು, ಕೇರಿಯವರ ಕಣ್ಣು, ಕಂಡವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಅಲ್ಲಿಗೆ ನಿಲ್ಲಿಸಿ ಒಲೆಯ ಕಡೆ ಹೊರಟೆ.

"ಮನಿಯವರ ಕಣ್ಣು ಬಿಟ್ರಿ, ಅಕ್ಕಾ" ಅಂದಳು, ತಲೆ ಎತ್ತದೆ.

"ಹೌದವ್ವಾ, ಅದನ್ನೂ ಅನ್ನು" ಎಂದರು ಅತ್ತೆ.

ತಿರುಗಿ ಬಂದೆ. "ಮನಿಯವರ ಕಣ್ಣು" ಅಂದೆ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಈಗ ಅವಳು ತಲೆ ಎತ್ತಿದಳು. "ಕೇಳಿಸಲಿಲ್ರಿ."

ಜೋರಾಗಿ ಇನ್ನೊಮ್ಮೆ ಅಂದೆ.