ಅಜ್ಜಿ ತಿಕ್ಕಿದ ರಾಜನ ಕಲ್ಲು

ತೆಂಗಿನ ನಾರಿಗೆ ಬೂದಿ ಹಚ್ಚಿದಾಗಲೆಲ್ಲ ಹಳಿಯಾಳದ ಕಾಡಂಚಿನ ನಮ್ಮ ಸಿದ್ದಿ ಕೇರಿ ನೆನಪಾಗುತ್ತದೆ. ಹಿತ್ತಲಲ್ಲಿ ಅಕ್ಷರ ಕೆತ್ತಿದ ಕಲ್ಲೊಂದಿತ್ತು. ಗುಲಾಮಗಿರಿಯಿಂದ ಓಡಿಬಂದ ನಮ್ಮವರಿಗೆ ಈ ನೆಲ ಕೊಟ್ಟ ರಾಜನದು ಅನ್ನುತ್ತಿದ್ದಳು ಅಜ್ಜಿ. ಪ್ರತಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ಮೊದಲು, ಅದನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

ಆ ರಾಜ ನಿಜಕ್ಕೂ ಇದ್ದನೇ ಎಂದು ಹುಡುಕುತ್ತ ಧಾರವಾಡದಿಂದ ಸಂಶೋಧಕರೊಬ್ಬರು ಬಂದರು. ಕಲ್ಲು ನೋಡಿ ತಲೆ ಹಿಡಿದುಕೊಂಡರು.

"ತಿಕ್ಕಿ ತಿಕ್ಕಿ ರಾಜನ ಹೆಸರ ಅಳಿಸೀರಲ್ಲ."

"ನಾ ತಿಕ್ಕದಿದ್ರ ಇಲ್ಲಿ ಕಲ್ಲೈತಿ ಅಂತ ನಿಮಗ ಹೆಂಗ ತಿಳೀತಿತ್ರಿ?" ಅಂದಳು ಅಜ್ಜಿ.

ಅವರು ಕಲ್ಲನ್ನು ಟ್ರ್ಯಾಕ್ಟರಿಗೆ ಏರಿಸಿದರು. ಹೊತ್ತವರು ನಮ್ಮಪ್ಪ, ಚಿಕ್ಕಪ್ಪಂದಿರೇ.

ಹೋದ ವಾರ ವಸ್ತುಸಂಗ್ರಹಾಲಯದಲ್ಲಿ ಅದನ್ನು ಮತ್ತೆ ನೋಡಿದೆ. ಪಕ್ಕದ ಫಲಕದಲ್ಲಿ ಬರೆದಿದ್ದಾರೆ: ರಾಜನ ಹೆಸರು ತಿಳಿದಿಲ್ಲ. ಜನವಸತಿಯಿಲ್ಲದ ಕಾಡಿನಲ್ಲಿ ಸಿಕ್ಕಿದ್ದು.